ಓಸ್ಲೋದ ಬೀರುವಿನಲ್ಲಿದ್ದ ಹುಡುಗಿ

ಇಪ್ಪತ್ತೊಂದನೆಯ ವಯಸ್ಸಿನಲ್ಲಿ ನಾನು ನೋಡಿ ಅತ್ತ ಚಿತ್ರ, ಅದರ ನಿರ್ದೇಶಕ ಮಾಡಿದ ಚಿತ್ರವೇ ಅಲ್ಲ ಎಂದು ತಿಳಿಯಲು ನನಗೆ ಎಷ್ಟೋ ವರ್ಷ ಬೇಕಾಯಿತು. ಬೆಂಗಳೂರಿನ ಒಂದು ಫಿಲ್ಮ್ ಸೊಸೈಟಿಯಲ್ಲಿ, ಮಳೆ ಹಿಡಿದ ಸಂಜೆ, ಮಡಚುವ ಕಬ್ಬಿಣದ ಕುರ್ಚಿಗಳಲ್ಲಿ ಕೂತು ‘ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’ ನೋಡಿದ್ದೆವು. ಗೀರು ತುಂಬಿದ ಪ್ರಿಂಟು. ಹಿನ್ನೆಲೆಯಲ್ಲಿ ಯಾವುದೋ ಹಳೆಯ ಯುರೋಪಿನ ಪಿಟೀಲು ಸಂಗೀತ. ಪರದೆಯ ತುಂಬ ಒಂದು ಹೆಣ್ಣಿನ ಮುಖ, ಎವೆ ಇಕ್ಕದ ಕಣ್ಣು, ಕೆನ್ನೆಯ ಮೇಲೆ ನಿಧಾನವಾಗಿ ಇಳಿಯುವ ಒಂದು ಹನಿ. ದೀಪ ಹಾಕಿದ ಮೇಲೂ ನಾವು ನಾಲ್ಕೈದು ಜನ ಎದ್ದಿರಲಿಲ್ಲ.

ನಾವು ನೋಡಿದ್ದು ಡೆನ್ಮಾರ್ಕಿನ ಕಾರ್ಲ್ ಥಿಯೋಡರ್ ಡ್ರೇಯರ್ 1928ರಲ್ಲಿ ಜಗತ್ತಿಗೆ ಕೊಟ್ಟ ಚಿತ್ರವಲ್ಲ. ಅದರ ನೆಗೆಟಿವ್ ಸುಟ್ಟುಹೋಗಿತ್ತು. ಅವನು ಉಳಿಕೆ ತುಣುಕುಗಳಿಂದ ಕಟ್ಟಿದ ಇನ್ನೊಂದು ಚಿತ್ರದ ಪ್ರತಿಗೆ 1950ರ ದಶಕದ ಆರಂಭದಲ್ಲಿ ಲೋ ದುಕಾ ಎಂಬಾತ ಸಂಗೀತ ಅಂಟಿಸಿ ಹೊರತಂದದ್ದನ್ನು ನಾವು ನೋಡಿದ್ದೆವು. ಡ್ರೇಯರನಿಗೆ ಅದು ಹಿಡಿಸಿರಲಿಲ್ಲ. ಅವನ ನಿಜವಾದ ಚಿತ್ರ ಆಗ ಎಲ್ಲಿತ್ತು? ನಾರ್ವೆಯ ಓಸ್ಲೋ ನಗರದಾಚೆ, ಒಂದು ಮಾನಸಿಕ ಆಸ್ಪತ್ರೆಯಲ್ಲಿ, ಕಸಬರಿಕೆ ಬಕೆಟ್ಟು ಇಡುವ ಬೀರುವಿನಲ್ಲಿ.

ಈ ಕತೆಯನ್ನು ಮೊದಲು ಓದಿದಾಗ ಮೈ ಜುಂ ಎಂದಿತ್ತು. ಒಂದಲ್ಲ ಒಂದು ದಿನ ಹೋಗಿ ನೋಡಬೇಕು, ಹುಡುಗಿಯನ್ನು ಸುಟ್ಟ ಊರಿನಿಂದ ಚಿತ್ರ ಸಿಕ್ಕಿದ ಊರಿನವರೆಗೆ ನಡೆಯಬೇಕು ಎಂದು ಅಂದೇ ನಿಶ್ಚಯಿಸಿದೆ. ಆ ದಿನ ಒಂದು ಮೇ ತಿಂಗಳಲ್ಲಿ ಬಂತು.

ಪ್ಯಾರಿಸಿನ ಸೇಂಟ್ ಲಜಾರ್ ನಿಲ್ದಾಣದಿಂದ ರುವಾನ್ ಊರಿಗೆ ರೈಲಿನಲ್ಲಿ ಒಂದೂವರೆ ಗಂಟೆ. ಸೇನ್ ನದಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಹಳೆಯ ಗೆಳತಿಯ ಹಾಗೆ ಜೊತೆಯಲ್ಲಿ ಬರುತ್ತದೆ. ಇಳಿದು ಹತ್ತು ಹೆಜ್ಜೆ ನಡೆಯುವಷ್ಟರಲ್ಲೇ ಒಂದು ದುಂಡು ಗೋಪುರ ಎದುರಾಯಿತು. 1204ರ ನಂತರ ಫ್ರಾನ್ಸಿನ ದೊರೆ ಫಿಲಿಪ್ ಆಗಸ್ಟಸ್ ಕಟ್ಟಿಸಿದ ಕೋಟೆಯಲ್ಲಿ ಇಂದು ಉಳಿದಿರುವುದು ಇದು. 1431ರ ಮೇ 9ರಂದು, ಧರ್ಮದ್ರೋಹದ ವಿಚಾರಣೆ ಎದುರಿಸುತ್ತಿದ್ದ ಹತ್ತೊಂಬತ್ತರ ಜೋನಳನ್ನು ಇಲ್ಲಿಗೆ ಕರೆತಂದು ಚಿತ್ರಹಿಂಸೆಯ ಸಲಕರಣೆಗಳನ್ನು ತೋರಿಸಿ ಬೆದರಿಸಿದ್ದರು. ಡ್ರೇಯರನ ಚಿತ್ರದಲ್ಲಿ ಮೊಳೆಗಳ ಚಕ್ರ ಗರಗರ ತಿರುಗುವ ದೃಶ್ಯವಿದೆಯಲ್ಲ, ಅದರ ಮೂಲ ಈ ಕಲ್ಲಿನ ಗೋಡೆಗಳ ನಡುವೆ ಇದೆ. ಗೋಡೆಗೆ ಅಂಗೈ ಇಟ್ಟೆ. ಮೇ ತಿಂಗಳ ಬಿಸಿಲಿನಲ್ಲೂ ತಣ್ಣಗಿತ್ತು.

ಅವಳನ್ನು ಸುಟ್ಟದ್ದು ಹಳೆಯ ಸಂತೆಮಾಳದಲ್ಲಿ, ಅದೇ ತಿಂಗಳ 30ರಂದು. ಬೂದಿಯನ್ನು ಸೇನ್ ನದಿಗೆ ಎಸೆದರು, ಒಂದು ಮೂಳೆಯೂ ಪೂಜೆಗೆ ಸಿಗಬಾರದೆಂದು. ಈಗಲೂ ಅಲ್ಲಿ ಹಣ್ಣು ಮೀನು ಮಾರುವ ಅಂಗಡಿಗಳಿವೆ. ಚಿತೆಯ ಜಾಗದಲ್ಲಿ ಒಂದಿಷ್ಟು ಹೂಗಿಡ, ಪಕ್ಕದಲ್ಲಿ ಎತ್ತರದ ಶಿಲುಬೆ. ಅದರ ಬಗಲಿಗೆ 1979ರಲ್ಲಿ ಕಟ್ಟಿ ಮುಗಿಸಿದ ಹೊಸ ಚರ್ಚು, ಜ್ವಾಲೆಯ ಹಾಗೆ ಏರುವ ಮಾಡು. ಹೊರಗಿನಿಂದ ಅದು ನನಗೆ ಅಷ್ಟೇನೂ ಹಿಡಿಸಲಿಲ್ಲ. ಒಳಗೆ ಕಾಲಿಟ್ಟವನು ಮಾತ್ರ ನಿಂತಲ್ಲೇ ನಿಂತುಬಿಟ್ಟೆ. ಒಂದು ಬದಿಯ ಗೋಡೆಯಿಡೀ ಹದಿನಾರನೆಯ ಶತಮಾನದ ಬಣ್ಣದ ಗಾಜು. ಕೆಂಪು, ನೀಲಿ, ಜೇನಿನಂಥ ಹಳದಿ ನೆಲದ ಮೇಲೆ ಚೆಲ್ಲಿ ಹರಿಯುತ್ತಿದ್ದವು. ಇವು ಸೇಂಟ್ ವಿನ್ಸೆಂಟ್ ಎಂಬ ಬೇರೆ ಚರ್ಚಿನ ಗಾಜುಗಳು. ಎರಡನೆಯ ಮಹಾಯುದ್ಧದ ಕಾಲಕ್ಕೆ ಯಾರೋ ಮುಂದಾಲೋಚನೆಯಿಂದ ಒಂದೊಂದೇ ಬಿಚ್ಚಿ ಜೋಪಾನ ಮಾಡಿದ್ದರು. 1944ರಲ್ಲಿ ಬಾಂಬು ಬಿದ್ದು ಆ ಚರ್ಚು ನೆಲಸಮವಾಯಿತು. ಗಾಜು ಉಳಿಯಿತು. ಕಲ್ಲು ಹೋಗಿ ಗಾಜು ಉಳಿಯುವುದೆಂದರೇನು! ನಾನು ಹುಡುಕಿಕೊಂಡು ಬಂದ ಕತೆಯ ಮೊದಲ ಪಾಠ ಹೀಗೆ ಸಿಕ್ಕಿತು.

ಎರಡನೆಯದು ಪ್ಯಾರಿಸಿನಲ್ಲಿ. ಡ್ರೇಯರನ ಚಿತ್ರ ಶುರುವಾಗುವುದು ಒಂದು ಪುಸ್ತಕದಿಂದ: ಹಳೆಯ ಹಸ್ತಪ್ರತಿಯ ಹಾಳೆಗಳನ್ನು ಒಂದು ಕೈ ಮಗುಚುತ್ತದೆ. ಅದು ಜೋನಳ ವಿಚಾರಣೆಯ ದಾಖಲೆ. ಅವಳಿಗೆ ಕೇಳಿದ ಪ್ರಶ್ನೆ, ಅವಳು ಕೊಟ್ಟ ಉತ್ತರ, ಎಲ್ಲವನ್ನೂ ಗುಮಾಸ್ತರು ಬರೆದುಕೊಂಡಿದ್ದರು. ಲ್ಯಾಟಿನ್ನಿನಲ್ಲಿ ಐದು ಅಧಿಕೃತ ಪ್ರತಿ ಮಾಡಿಸಿದರು, ಮೂರು ಉಳಿದಿವೆ. ಒಂದು ಫ್ರಾನ್ಸಿನ ಸಂಸತ್ತಿನ ಗ್ರಂಥಾಲಯದಲ್ಲಿದೆ. ನಾನು ಒಳಗೆ ಹೋಗಲಿಲ್ಲ. ಎದುರಿನ ಸೇತುವೆಯ ಮೇಲೆ ನಿಂತು ಸಂಸತ್ತಿನ ಮುಂದಿನ ಕಂಬಗಳ ಸಾಲನ್ನು ಬಹಳ ಹೊತ್ತು ನೋಡಿದೆ. ದೇವರ ಕೃಪೆ ನಿನ್ನ ಮೇಲಿದೆಯೇ ಎಂದು ಪಂಡಿತರು ಕೇಳಿದ್ದರಂತೆ. ಹೌದೆಂದರೆ ಧರ್ಮದ್ರೋಹ, ಇಲ್ಲವೆಂದರೆ ತಪ್ಪೊಪ್ಪಿಗೆ. ಇಲ್ಲದಿದ್ದರೆ ದೇವರು ಕರುಣಿಸಲಿ, ಇದ್ದರೆ ಹಾಗೇ ಇರಿಸಲಿ ಎಂಬರ್ಥದ ಮಾತು ಹೇಳಿ ಆ ರೈತರ ಹುಡುಗಿ ಅವರ ಬಾಯಿ ಕಟ್ಟಿದಳು. ಓದು ಬರಹ ಬಾರದವಳ ಮಾತು ಐನೂರು ವರ್ಷ ಕಾಗದದ ಮೇಲೆ ಉಳಿದು, ಡ್ರೇಯರನ ಕೈಗೆ ಬಂದು ಚಿತ್ರವಾಯಿತು. ಚಿತ್ರವಾದ ಮೇಲೆ ಒಂದು ವರ್ಷವೂ ಉಳಿಯಲಿಲ್ಲ.

ಆ ಚಿತ್ರ ಹುಟ್ಟಿದ ಬಗೆಯನ್ನು ಸ್ವಲ್ಪ ಹೇಳಬೇಕು. 1927ರಲ್ಲಿ ಪ್ಯಾರಿಸಿನ ಹೊರವಲಯದಲ್ಲಿ ಡ್ರೇಯರ್ ಇಡೀ ಒಂದು ಕೋಟೆಯನ್ನು ಕಾಂಕ್ರೀಟಿನಲ್ಲಿ ಕಟ್ಟಿಸಿದ. ಕಪ್ಪುಬಿಳುಪಿನಲ್ಲಿ ಆಕಾಶದೆದುರು ಒಳ್ಳೆಯ ಬೂದುಬಣ್ಣ ಬರಲೆಂದು ಗೋಡೆಗಳಿಗೆ ಗುಲಾಬಿ ಬಣ್ಣ ಬಳಿಸಿದ. ಅಷ್ಟೆಲ್ಲ ಖರ್ಚು ಮಾಡಿ ಕಟ್ಟಿದ ಕೋಟೆ ಚಿತ್ರದಲ್ಲಿ ಕಾಣುವುದೇ ಅಪರೂಪ. ಅವನು ತೋರಿಸಿದ್ದು ಮುಖಗಳನ್ನು. ಆಗ ಹೊಸದಾಗಿ ಬಂದಿದ್ದ ಪ್ಯಾಂಕ್ರೊಮ್ಯಾಟಿಕ್ ಫಿಲಮ್ಮು ಚರ್ಮದ ಬಣ್ಣವನ್ನು ಹೆಚ್ಚುಕಡಿಮೆ ಇದ್ದ ಹಾಗೆ ಹಿಡಿಯುತ್ತಿತ್ತು. ಹಾಗಾಗಿ ಯಾರಿಗೂ ಮೇಕಪ್ಪು ಬೇಡ ಎಂದ. ನ್ಯಾಯಾಧೀಶರ ಮೊಗದ ನರಹುಲಿ, ಸುಕ್ಕು, ಬೆವರು, ಮಾತಾಡುವಾಗ ಹಾರುವ ಎಂಜಲು, ಎಲ್ಲವನ್ನೂ ರುಡಾಲ್ಫ್ ಮಾಟೆಯ ಕ್ಯಾಮೆರಾ ಹಿಡಿಯಿತು. ಕ್ಯಾಮೆರಾ ಕೆಳಗಿನಿಂದ ನೋಡಲೆಂದು ಸೆಟ್ಟಿನ ನೆಲದಲ್ಲೆಲ್ಲ ಗುಂಡಿ ತೋಡಿಸಿದ್ದ. ಫ್ರೆಂಚ್ ಕೆಲಸಗಾರರು ಅವನಿಗೆ ‘ಗ್ರುಯೇರ್’ ಎಂದು ಹೆಸರಿಟ್ಟರು. ಅದು ತೂತುಗಳಿರುವ ಒಂದು ಬಗೆಯ ಚೀಸು.

ಜೋನಳಾದವಳು ರಂಗಭೂಮಿಯ ನಟಿ ಫಾಲ್ಕೊನೆಟ್ಟಿ, ವಯಸ್ಸು ಮೂವತ್ತೈದು. ಅವಳ ತಲೆಗೂದಲನ್ನು ನಿಜವಾಗಿಯೇ ಕತ್ತರಿಸಿದರು. ಆ ಹೊತ್ತಿಗೆ ಸೆಟ್ಟಿನಲ್ಲಿ ಯಾರೂ ಉಸಿರೆತ್ತಿರಲಿಲ್ಲವಂತೆ. ಆಮೇಲೆ ಅವಳು ಇಂಥ ಇನ್ನೊಂದು ಪಾತ್ರ ಮಾಡಲಿಲ್ಲ. 1946ರಲ್ಲಿ ದೂರದ ಬ್ಯೂನೊಸ್ ಐರಿಸ್ಸಿನಲ್ಲಿ ತೀರಿಕೊಂಡಳು. ಆ ಮುಖವನ್ನು ನಾನು ವರ್ಣಿಸಲಾರೆ. ಭಯ, ಮುಗ್ಧತೆ, ಆಯಾಸ, ಎಲ್ಲದರ ಅಡಿಯಲ್ಲಿ ಅಲುಗದ ಒಂದು ನಂಬಿಕೆ, ಇಷ್ಟೂ ಒಂದೇ ಗಳಿಗೆಯಲ್ಲಿ ಅಲ್ಲಿ ಹಾದುಹೋಗುತ್ತವೆ.

1928ರ ಏಪ್ರಿಲ್ 21ರಂದು ಕೋಪನ್‌ಹೇಗನ್ನಿನ ಪಲಾಡ್ಸ್ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನ. ಪ್ಯಾರಿಸಿನಲ್ಲಿ ತೆರೆ ಕಾಣುವ ಹೊತ್ತಿಗೆ ಆರ್ಚ್‌ಬಿಷಪ್ಪರೂ ಸರ್ಕಾರದ ಸೆನ್ಸಾರಿನವರೂ ಕತ್ತರಿ ಆಡಿಸಿದ್ದರು. ಡಿಸೆಂಬರ್ 6ರಂದು ಬರ್ಲಿನ್ನಿನ ಯೂಫಾ ಸ್ಟುಡಿಯೋದಲ್ಲಿ ಬೆಂಕಿ. ಮೂಲ ನೆಗೆಟಿವ್ ಭಸ್ಮ. ಡ್ರೇಯರ್ ಎದೆಗುಂದಲಿಲ್ಲ. ಬಳಸದೆ ಬಿಟ್ಟಿದ್ದ ಟೇಕುಗಳನ್ನು ಆಯ್ದು, ಒಂದೊಂದು ಶಾಟಿಗೂ ಅದರ ಜೋಡಿಯನ್ನು ಹುಡುಕಿ, ಇಡೀ ಚಿತ್ರವನ್ನು ಮತ್ತೆ ಕಟ್ಟಿದ. ಮರುವರ್ಷ ಪ್ಯಾರಿಸಿನ ಪಕ್ಕದ ಲ್ಯಾಬಿನಲ್ಲಿ ಮತ್ತೆ ಬೆಂಕಿ, ಅದೂ ಹೋಯಿತೆಂದರು. ಬೆಂಕಿಯಲ್ಲಿ ಹೋದ ಹುಡುಗಿಯ ಚಿತ್ರ ಎರಡು ಸಲ ಬೆಂಕಿಗೆ ಬಿತ್ತು.

ಇದರಲ್ಲಿ ವಿಧಿಯ ಆಟಕ್ಕಿಂತ ಹೆಚ್ಚಾಗಿ ರಸಾಯನಶಾಸ್ತ್ರವಿದೆ. ಆ ಕಾಲದ ಫಿಲಮ್ಮು ಸೆಲ್ಯುಲೋಸ್ ನೈಟ್ರೇಟಿನದು, ಕೋವಿಮದ್ದಿನ ಹತ್ತಿರದ ಸಂಬಂಧಿ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಹೊತ್ತಿಕೊಂಡರೆ ನೀರಿನೊಳಗೆ ಮುಳುಗಿಸಿದರೂ ಉರಿಯುತ್ತದೆ. ಹೊತ್ತಿಕೊಳ್ಳದಿದ್ದರೂ ಸೆಕೆಗೆ, ತೇವಕ್ಕೆ ಮೆಲ್ಲಗೆ ಅಂಟಂಟಾಗಿ, ಬುರುಗಾಗಿ, ಕೊನೆಗೆ ಕಂದುಪುಡಿಯಾಗುತ್ತದೆ. 1950ರ ದಶಕದ ಆರಂಭದವರೆಗೂ ಜಗತ್ತಿನ ಸಿನಿಮಾ ಬಹುಪಾಲು ಇದರ ಮೇಲೆಯೇ ನಡೆದದ್ದು. ನಂತರ ಬಂದ ಅಸಿಟೇಟ್ ಫಿಲಮ್ಮು ಬೆಂಕಿಗೆ ಅಷ್ಟು ಹೆದರಬೇಕಿಲ್ಲ, ಆದರೆ ಅದಕ್ಕೆ ಹುಳಿಯುವ ಕಾಯಿಲೆ. ಡಬ್ಬಿ ತೆರೆದರೆ ವಿನಿಗರ್ ವಾಸನೆ ಬಡಿಯುತ್ತದೆ.

ಪ್ಯಾರಿಸಿನಿಂದ, ಚಿತ್ರ ಮೊದಲು ತೆರೆಕಂಡ ಕೋಪನ್‌ಹೇಗನ್ನಿಗೆ ಹೋದೆ. ಪಲಾಡ್ಸ್ ಇನ್ನೂ ನಿಂತಿದೆ. ಪೌಲ್ ಗೆರ್ನೆಸ್ ಎಂಬ ಕಲಾವಿದ ಅದಕ್ಕೆ ಗುಲಾಬಿ, ಹಳದಿ, ತಿಳಿನೀಲಿ ಹಚ್ಚಿ ಜಾತ್ರೆಯ ಮಿಠಾಯಿಯಂತೆ ಮಾಡಿದ್ದಾನೆ. ಮಕ್ಕಳು ಪಾಪ್‌ಕಾರ್ನ್ ಹಿಡಿದು ಒಳಗೆ ಓಡುತ್ತಿದ್ದರು. ಇದೇ ಬಾಗಿಲಿನಿಂದ ಆ ಏಪ್ರಿಲ್ಲಿನಲ್ಲಿ ಜನ ಮೌನವಾಗಿ ಹೊರಬಂದಿರಬೇಕು ಎಂದುಕೊಳ್ಳುತ್ತ ಅಲ್ಲಿಯೇ ನಿಂತಿದ್ದೆ.

ಆ ರಾತ್ರಿ ರಾಜರ ಉದ್ಯಾನದ ಎದುರಿಗಿರುವ ಡ್ಯಾನಿಶ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸಿನಿಮಾತೆಕ್‌ನಲ್ಲಿ ನಾನು ಚಿತ್ರವನ್ನು ನೋಡಿದೆ, ನಿಜವಾದದ್ದನ್ನು, ದೊಡ್ಡ ಪರದೆಯ ಮೇಲೆ. ಸಂಗೀತವಿಲ್ಲ. ಸಂಗೀತವಿಲ್ಲದ ಮೂಕಿ ಚಿತ್ರ ಹೇಗಿರುತ್ತದೆಂದು ನಾನು ಅಲ್ಲಿಯವರೆಗೆ ಅರಿತಿರಲಿಲ್ಲ. ಮೊದಲ ಹತ್ತು ನಿಮಿಷ ಪಕ್ಕದವರ ಉಸಿರು, ಕುರ್ಚಿಯ ಕಿರುಗುಟ್ಟು ಕೇಳಿಸುತ್ತದೆ. ಆಮೇಲೆ ಪರದೆಯಿಂದಲೇ ಸದ್ದು ಬರತೊಡಗುತ್ತದೆ. ನ್ಯಾಯಾಧೀಶನ ಬಾಯಿ ತೆರೆದರೆ ಗದರಿಕೆ ಕೇಳಿಸುತ್ತದೆ. ಸರಪಳಿ ನೆಲದ ಮೇಲೆ ಎಳೆದದ್ದು ಕೇಳಿಸುತ್ತದೆ. ಹಳೆಯ ಪ್ರಿಂಟಿನಲ್ಲಿ ಗೀರುಗಳ ಮಳೆಯಲ್ಲಿ ಮಸುಕಾಗಿದ್ದ ಆ ಕೆನ್ನೆ ಇಲ್ಲಿ ತೊಳೆದಿಟ್ಟ ಹಾಗಿತ್ತು. ಮೂಗಿನ ಮೇಲೆ ಕೂತ ನೊಣ ಕಾಣುತ್ತಿತ್ತು. ತುಟಿಯ ಒಡಕು ಕಾಣುತ್ತಿತ್ತು. ನಾನು ಹಿಂದೆ ಕಂಡಿದ್ದ ಜೋನ್ ಇದೇ ಹುಡುಗಿ, ಅದೇ ದಿನ, ಅದೇ ಬೆಳಕು. ಆದರೆ ಡ್ರೇಯರ್ ಬೇಡವೆಂದು ಬದಿಗಿಟ್ಟ ಗಳಿಗೆಗಳವು. ಅವನು ಬೇಕೆಂದು ಆಯ್ದ ಗಳಿಗೆಗಳು ಇವು. ವ್ಯತ್ಯಾಸ ಇಷ್ಟೇ ಎಂದು ಬೆರಳಿಟ್ಟು ತೋರಿಸಲು ನನ್ನಿಂದಾಗದು. ಅಂದು ಬೆಂಗಳೂರಿನಲ್ಲಿ ಅತ್ತಿದ್ದೆ. ಇಲ್ಲಿ ಅಳು ಬರಲಿಲ್ಲ. ಚಿತೆಯ ಮೇಲಿನಿಂದ ಹಕ್ಕಿಗಳು ಹಾರಿದಾಗ ಕೈಗಳು ತಾವಾಗಿಯೇ ಜೋಡಿಸಿಕೊಂಡವು.

ಮರುದಿನ ಬೆಳಿಗ್ಗೆ ಫ್ರೆಡರಿಕ್ಸ್‌ಬರ್ಗಿನ ಹಳೆಯ ಸ್ಮಶಾನಕ್ಕೆ ಹೋದೆ. ಡ್ರೇಯರ್ ಅಲ್ಲಿದ್ದಾನೆ. 1968ರ ಮಾರ್ಚಿನಲ್ಲಿ ತೀರಿಕೊಂಡ. ತನ್ನ ಅತ್ಯುತ್ತಮ ಕೃತಿ ಬೂದಿಯಾಗಿದೆ ಎಂದು ತಿಳಿದುಕೊಂಡೇ ನಲವತ್ತು ವರ್ಷ ಬದುಕಿದ. ಅಷ್ಟೂ ವರ್ಷ ಅದು ಅವನ ಊರಿನಿಂದ ಒಂದು ರಾತ್ರಿಯ ಹಡಗಿನ ದೂರದಲ್ಲಿತ್ತು.

ಆ ಹಡಗನ್ನೇ ನಾನು ಹಿಡಿದೆ. ಮಧ್ಯಾಹ್ನದ ಮೇಲೆ ಕೋಪನ್‌ಹೇಗನ್ ಬಿಟ್ಟು, ಶೇಕ್ಸ್‌ಪಿಯರನ ಹ್ಯಾಮ್ಲೆಟ್ಟಿನ ಕ್ರೊನ್‌ಬೋರ್ಗ್ ಕೋಟೆಯನ್ನು ಎಡಕ್ಕೆ ಬಿಟ್ಟು ಹಡಗು ಉತ್ತರಕ್ಕೆ ನಡೆಯಿತು. ಸೂರ್ಯ ಮುಳುಗಲು ಮನಸ್ಸಿಲ್ಲದವನಂತೆ ಹತ್ತು ಗಂಟೆಯ ಹತ್ತಿರದವರೆಗೂ ನೀರಿನ ಅಂಚಿನಲ್ಲೇ ಇದ್ದ. ನಾನು ಡೆಕ್ಕಿನ ಮೇಲೆ ಕಂಬಳಿ ಹೊದ್ದು ಕೂತೆ. ಆ ರೀಲುಗಳು ನಾರ್ವೆಗೆ ಹೋದದ್ದಕ್ಕೆ ಒಂದು ರಸೀದಿಯೂ ಸಿಕ್ಕಿಲ್ಲ. ಆಸ್ಪತ್ರೆಯ ಆಗಿನ ಮುಖ್ಯ ವೈದ್ಯರು ತರಿಸಿರಬಹುದು ಎಂಬುದು ಬಲ್ಲವರ ಊಹೆ. ಇಂಥದೇ ಹಡಗಿನಲ್ಲಿ, ಬೆಣ್ಣೆಯ ಪೀಪಾಯಿಗಳ ನಡುವೆ ತಗಡಿನ ಡಬ್ಬಿಗಳು ಹೋಗುತ್ತಿರುವುದನ್ನು ನನ್ನ ಮನಸ್ಸು ಕಂಡಿತು. ಬೆಳಿಗ್ಗೆ ಕಣ್ಣು ಬಿಟ್ಟಾಗ ಓಸ್ಲೋ ಫ್ಯೋರ್ಡಿನೊಳಗಿದ್ದೆವು. ಎರಡೂ ಬದಿ ಪೈನ್ ಮರಗಳ ಬಂಡೆ, ಕೆಂಪು ಮರದ ಮನೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಓಸ್ಲೋದಿಂದ ಆಸ್ಕರ್ ಎಂಬಲ್ಲಿಗೆ ರೈಲು, ಅಲ್ಲಿಂದ ಡಿಕೆಮಾರ್ಕಿಗೆ ಬಸ್ಸು. ಕಾಡು, ಒಂದು ಕೆರೆ, ಗುಡ್ಡದ ಇಳಿಜಾರಿನಲ್ಲಿ ಚೆದುರಿದ ದೊಡ್ಡ ದೊಡ್ಡ ಕಟ್ಟಡಗಳು. 1905ರಲ್ಲಿ ಇಲ್ಲಿ ಆ ಮಾನಸಿಕ ಆಸ್ಪತ್ರೆ ಶುರುವಾಯಿತು. ಈಗ ಎಷ್ಟೋ ಕಟ್ಟಡಗಳು ಬರಿದಾಗಿ ನಿಂತಿವೆ. ನಾನು ಒಳಗೆ ಹೋಗಲು ಯಾರನ್ನೂ ಕೇಳಲಿಲ್ಲ. ನೊಂದವರು ಬಾಳಿದ ಜಾಗ. ಕುತೂಹಲಕ್ಕೆ ಅಲ್ಲಿ ಕಾಲಿಡುವುದು ಸರಿಯಲ್ಲ. ರಸ್ತೆಯಲ್ಲೇ ನಡೆದೆ.

1981ರಲ್ಲಿ ಇಲ್ಲಿನ ನೌಕರನೊಬ್ಬ ಬೀರು ತೆಗೆದಾಗ ಫಿಲಮ್ಮಿನ ಡಬ್ಬಿಗಳು ಸಿಕ್ಕವು. ಮೇಲೆ ಚಿತ್ರದ ಹೆಸರು ಬರೆದಿತ್ತು. ಅವನು ಅವನ್ನು ಕಸಕ್ಕೆ ಹಾಕಬಹುದಿತ್ತು. ಹಾಕಲಿಲ್ಲ. ನಾರ್ವೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ತಲುಪಿದ ಡಬ್ಬಿಗಳು ಅಲ್ಲಿ ಮೂರು ವರ್ಷ ಸುಮ್ಮನೆ ಕಾದವು. 1984ರಲ್ಲಿ ಬಿಚ್ಚಿ ನೋಡಿದರೆ, ಡ್ಯಾನಿಶ್ ಭಾಷೆಯ ಬರಹವಿರುವ, ಸೆನ್ಸಾರಿನ ಕತ್ತರಿ ತಾಗುವ ಮೊದಲಿನ, ಡ್ರೇಯರ್ ಮಾಡಿದ್ದ ಹಾಗೆಯೇ ಇರುವ ಚಿತ್ರ! ಉತ್ತರದ ಚಳಿ ಅದನ್ನು ಕಾಪಾಡಿತ್ತು. ಮತ್ತೆ ಮತ್ತೆ ಯಂತ್ರಕ್ಕೆ ಏರದೆ ಇದ್ದದ್ದರಿಂದ ಹೆಚ್ಚು ಗೀರೂ ಬಿದ್ದಿರಲಿಲ್ಲ. ಪ್ಯಾರಿಸಿನ ಸಿನಿಮಾತೆಕ್ ಫ್ರಾನ್ಸೇಸ್ ಅದಕ್ಕೆ ಫ್ರೆಂಚ್ ಬರಹ ಕೂಡಿಸಿ ಮರುವರ್ಷ ಜನರ ಮುಂದಿಟ್ಟಿತು.

ಕೆರೆಯ ದಂಡೆಯ ಬೆಂಚಿನಲ್ಲಿ ಕೂತೆ. ತನಗೆ ಸಂತರ ಧ್ವನಿ ಕೇಳಿಸುತ್ತದೆ ಎಂದ ಹುಡುಗಿಯನ್ನು ಪಂಡಿತರು ನಂಬದೆ ಸುಟ್ಟರು. ಅವಳ ಚಿತ್ರವನ್ನು ಸ್ಟುಡಿಯೋಗಳಿಗೆ, ಲ್ಯಾಬುಗಳಿಗೆ, ಅದಕ್ಕೆಂದೇ ಕಟ್ಟಿದ ಉಗ್ರಾಣಗಳಿಗೆ ಉಳಿಸಿಕೊಳ್ಳಲಾಗಲಿಲ್ಲ. ಉಳಿಸಿಕೊಂಡದ್ದು ಈ ಮನೆ. ಯಾರಿಗೂ ಕೇಳಿಸದ ಧ್ವನಿ ಕೇಳಿಸುತ್ತದೆ ಎಂದವರನ್ನು ಒಳಗಿಟ್ಟುಕೊಂಡು ಅನ್ನ ಹಾಕಿದ ಮನೆ. ಅವರ ನಡುವೆ ಅವಳೂ ಐವತ್ತು ವರ್ಷ ಇದ್ದಳು. ಕೆರೆಯ ಮೇಲೆ ಗಾಳಿ ಬೀಸಿ ನೀರು ಬೆಳ್ಳಿಯ ರೀಲಿನಂತೆ ಮಿನುಗಿತು. ಎದ್ದು ಹೋಗಲು ಮನಸ್ಸಾಗಲಿಲ್ಲ.

ಅಲ್ಲಿಂದಲೇ ಊರಿಗೆ, ನನ್ನ ಸೋದರಮಾವನಿಗೆ ಫೋನ್ ಮಾಡಿದೆ. ಎಂಬತ್ತು ದಾಟಿದ ಅವರು ಒಂದು ಕಾಲದಲ್ಲಿ ಟೂರಿಂಗ್ ಟಾಕೀಸಿನ ಆಪರೇಟರ್. ಡೇರೆಯ ಹಿಂದಿನ ತಗಡಿನ ಗೂಡಿನಲ್ಲಿ ಕಾರ್ಬನ್ ಕಡ್ಡಿ ಉರಿಸಿ ನಮ್ಮೂರಿಗೆ ಬೆಳಕು ತೋರಿಸಿದವರು. ಫಿಲಮ್ಮು ಹರಿದರೆ ಕತ್ತರಿಸಿ ಅಂಟಿಸಿ, ಉಳಿದ ತುಂಡನ್ನು ನಮ್ಮ ಕೈಗೆ ಕೊಡುತ್ತಿದ್ದರು. ಬಿಸಿಲಿಗೆ ಹಿಡಿದರೆ ಉಗುರಿನಷ್ಟೇ ದೊಡ್ಡ ರಾಜಕುಮಾರ್ ಕಾಣುತ್ತಿದ್ದರು.

“ಮಾವ, ಇಲ್ಲೊಂದು ಬೀರುವಿನಲ್ಲಿ ಐವತ್ತು ವರ್ಷ ಒಂದು ಪ್ರಿಂಟು ಹಾಗೇ ಇತ್ತಂತೆ.”

“ಐವತ್ತು ವರ್ಷವಾ? ನಮ್ಮಲ್ಲಿ ಓಡಿ ಮುಗಿದ ಪ್ರಿಂಟನ್ನು ಯಾರು ಇಟ್ಟುಕೊಳ್ತಿದ್ರು ಕಣೋ? ಬೆಳ್ಳಿ ತೆಗೆಯೋಕೆ ಕೊಟ್ಟುಬಿಡೋರು.” ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, “ಚೆನ್ನಾಗಿದೆಯೇನೋ ಪ್ರಿಂಟು?”

ಚೆನ್ನಾಗಿದೆ ಮಾವ ಎಂದೆ. ಬೆಳ್ಳಿ ತೆಗೆಯೋಕೆ ಕೊಟ್ಟುಬಿಡೋರು ಎಂಬ ಅವರ ಮಾತು ಹಿಂತಿರುಗುವ ದಾರಿಯುದ್ದಕ್ಕೂ ನನ್ನ ಜೊತೆಗಿತ್ತು.

ಭಾರತದಲ್ಲಿ 1,300ಕ್ಕೂ ಹೆಚ್ಚು ಮೂಕಿ ಚಿತ್ರಗಳು ತಯಾರಾದವು. ಪೂರ್ತಿಯೋ ತುಣುಕೋ, ಉಳಿದಿರುವುದು ಅದರ ಚಿಕ್ಕದೊಂದು ಪಾಲು. ಟಿ.ಪಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ಅಭಿನಯಿಸಿದ ಮೂಕಿ ‘ವಸಂತಸೇನಾ’ ಇಲ್ಲ. 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡ, ಕನ್ನಡ ಮೊದಲ ಸಲ ಪರದೆಯ ಮೇಲೆ ಮಾತಾಡಿದ ‘ಸತಿ ಸುಲೋಚನಾ’ ಇಲ್ಲ. ಸುಬ್ಬಯ್ಯ ನಾಯ್ಡು ಅವರ ಇಂದ್ರಜಿತು, ನಾಗೇಂದ್ರರಾಯರ ರಾವಣ, ತ್ರಿಪುರಾಂಬ ಅವರ ಸುಲೋಚನೆ, ಒಂದು ರೀಲೂ ನಮ್ಮಲ್ಲಿಲ್ಲ. ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದ ಮೇಲೆ ಅಲ್ಲಿನ ಪಿ.ಕೆ. ನಾಯರ್ ಅವರು ಊರೂರು ಅಲೆದು, ಉಗ್ರಾಣ ಅಟ್ಟಗಳನ್ನು ತಡಕಿ ಫಾಲ್ಕೆಯವರ ಚಿತ್ರಗಳಲ್ಲಿ ಸಿಕ್ಕಷ್ಟನ್ನು ಉಳಿಸಿದರು. ಹೆಗ್ಗೋಡಿನ ನೀನಾಸಂ ಅಂಗಳದಲ್ಲಿ ಅಡಕೆ ಬೆಳೆಗಾರರು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ನೋಡಿದ್ದು ನಾಯರ್ ಕಳಿಸಿಕೊಟ್ಟ ಪ್ರಿಂಟುಗಳಲ್ಲಿ. ಅಂಥ ಒಬ್ಬರು ಇನ್ನೂ ಮೂವತ್ತು ವರ್ಷ ಮೊದಲು ನಮಗಿದ್ದಿದ್ದರೆ ಎಂದು ನನ್ನ ಹೊಟ್ಟೆ ಉರಿಯುತ್ತದೆ.

ಓದುಗರೇ, ನಿಮ್ಮಲ್ಲಿ ಯಾರ ಮನೆಯ ಹಿರಿಯರಾದರೂ ಟೆಂಟು ನಡೆಸಿದ್ದರೆ, ಹಂಚಿಕೆದಾರರಾಗಿದ್ದರೆ, ನಾಟಕ ಕಂಪನಿಯಲ್ಲಿ ಇದ್ದು ಸಿನಿಮಾಕ್ಕೆ ಕೈ ಹಾಕಿದ್ದರೆ, ಒಮ್ಮೆ ಅಟ್ಟ ಹತ್ತಿ ನೋಡಿ. ತುಕ್ಕು ಹಿಡಿದ ದುಂಡನೆಯ ತಗಡಿನ ಡಬ್ಬಿ ಸಿಕ್ಕರೆ, ಹುಳಿ ವಾಸನೆ ಬಂದರೂ, ರೀಲು ಅಂಟಿಕೊಂಡಿದ್ದರೂ, ಗುಜರಿಗೆ ಹಾಕಬೇಡಿ. ಬಿಚ್ಚಿ ಎಳೆಯಬೇಡಿ. ಒಲೆಯಿಂದ, ದೀಪದಿಂದ, ಬಿಸಿಲಿನಿಂದ ದೂರವಾಗಿ, ತಂಪಾದ ಕಡೆ ಇಡಿ. ಆಮೇಲೆ ಪುಣೆಯ ಸಂಗ್ರಹಾಲಯಕ್ಕೆ ಒಂದು ಕಾಗದ ಬರೆಯಿರಿ.